ಮೇಪಲ್ ಅಲ್ಲದ ಮೇಪಲ್ ಎಲೆ: ಅರಿಶಿನ ಬೂರುಗವನ್ನು ಗುರುತಿಸುವ ಕ್ರಮ

ಮುಂಗಾರು ಬಿದ್ದು ಸಂಡೂರಿನ ಬೆಟ್ಟಗಳು ಹಸಿರಾದ ಕೂಡಲೇ ನನ್ನ ಫೋನಿಗೆ ಬರುವ ಚಿತ್ರಗಳಲ್ಲಿ ಒಂದಾದರೂ ಬೆರಳು ಬಿಡಿಸಿದ ಅಂಗೈಯಂಥ ಎಲೆಯದಾಗಿರುತ್ತದೆ. ಅದರ ಕೆಳಗೆ "ಸರ್, ನಮ್ಮ ಗುಡ್ಡದಾಗ ಮೇಪಲ್ ಗಿಡ ಸಿಕ್ಕೈತಿ ನೋಡ್ರಿ" ಎಂಬ ಒಕ್ಕಣೆಯೂ ಇರುತ್ತದೆ. ಕೆನಡಾ ದೇಶದ ಬಾವುಟದ ಮೇಲೆ ಆ ಆಕಾರವನ್ನು ಕಂಡವರಿಗೆ ಹಾಗೆ ಅನ್ನಿಸುವುದು ಸಹಜವೇ. ಆದರೆ ಇದುವರೆಗೆ ನನಗೆ ಬಂದ ಅಂಥ ಚಿತ್ರಗಳೆಲ್ಲವೂ ಎರಡೇ ಮರಗಳವು: ಒಂದು ಅರಿಶಿನ ಬೂರುಗ, ಇನ್ನೊಂದು ಕರಾಯ ಗೋಂದಿನ ಮರ. ಇವುಗಳಲ್ಲಿ ಮೊದಲನೆಯದು ಗಾತ್ರದಲ್ಲಿ ಚಿಕ್ಕದು, ನಮ್ಮ ಬಳ್ಳಾರಿ ಮತ್ತು ಕೊಪ್ಪಳದ ಗುಡ್ಡಗಳಲ್ಲಿ ಅಲ್ಲೊಂದು ಇಲ್ಲೊಂದು ಎಂಬಂತೆ ಕಾಣಿಸಿಕೊಳ್ಳುವಂಥದು. ವರ್ಷದ ಬೇರೆ ಬೇರೆ ಕಾಲದಲ್ಲಿ ಅದು ಎಷ್ಟು ಬೇರೆಯಾಗಿ ಕಾಣುತ್ತದೆಂದರೆ, ಹೂವಿನ ಕಾಲದಲ್ಲಿ ನೋಡಿದವರೇ ಮಳೆಗಾಲದಲ್ಲಿ ಅದನ್ನು ಗುರುತಿಸದೆ ಹೋಗುತ್ತಾರೆ. ಈ ಮರವನ್ನು ಯಾವ ಕಾಲದಲ್ಲಾದರೂ ತಪ್ಪಿಲ್ಲದೆ ಗುರುತಿಸಲು ಏನನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಮೇಪಲ್ ವಿಷಯವನ್ನು ಇತ್ಯರ್ಥ ಮಾಡಿಕೊಳ್ಳೋಣ. ಮೇಪಲ್‌ಗಳೆಲ್ಲ ಏಸರ್ ಎಂಬ ಕುಲಕ್ಕೆ ಸೇರಿದವು. ನಮ್ಮ ದೇಶದಲ್ಲಿ ಅವು ಹಿಮಾಲಯದ ತಂಪು ಕಾಡುಗಳ ಮರಗಳು. ಇಂದಿನ ವರ್ಗೀಕರಣದ ಪ್ರಕಾರ ಅವು ನಮ್ಮ ಅಂಟುವಾಳದ ಕುಟುಂಬದವು ಎಂಬುದು ಹಲವರಿಗೆ ಅಚ್ಚರಿ ಉಂಟುಮಾಡಬಹುದು. ಎಲೆಯ ಆಕಾರದಿಂದ ಮೇಪಲ್ ಅನ್ನು ನಿರ್ಣಯಿಸಲಾಗದು ಎಂಬುದಕ್ಕೆ ಆ ಕುಲದ ಅಪರೂಪದ ಪುಟ್ಟ ಮರಗಳೇ ಸಾಕ್ಷಿ. ಮಧ್ಯ ಚೀನಾದ ಏಸರ್ ಗ್ರೈಸಿಯಮ್ ಎಂಬ ಪ್ರಭೇದದ ತೊಗಟೆ ದಾಲ್ಚಿನ್ನಿ ಬಣ್ಣದ ಹಾಳೆಗಳಾಗಿ ಸುಲಿಯುತ್ತದೆ, ಅದರ ಒಂದೊಂದು ಎಲೆಯೂ ಬಿಲ್ವಪತ್ರೆಯಂತೆ ಮೂರು ಕಿರುಎಲೆಗಳಾಗಿ ಒಡೆದಿರುತ್ತದೆ. ಅಳಿವಿನ ಅಂಚಿಗೆ ಬಂದಿರುವ ಸಿಚುವಾನ್ ಪ್ರಾಂತದ ಏಸರ್ ಪೆಂಟಾಫಿಲ್ಲಮ್ ಮರದಲ್ಲಿ ಸಾಮಾನ್ಯವಾಗಿ ಐದು ಸಣ್ಣ, ಉದ್ದನೆಯ ಕಿರುಎಲೆಗಳಿರುತ್ತವೆ. ಈ ಎರಡರಲ್ಲಿ ಯಾವುದರ ಎಲೆಯನ್ನೂ ಬಾವುಟದ ಎಲೆಗೆ ಹೋಲಿಸಲಾಗದು. ಆದರೂ ಅವು ಮೇಪಲ್‌ಗಳೇ, ಏಕೆಂದರೆ ಅವುಗಳ ಎಲೆಗಳು ರೆಂಬೆಯ ಮೇಲೆ ಎದುರುಬದುರಾಗಿ ಜೋಡಿಯಾಗಿ ಹುಟ್ಟುತ್ತವೆ ಮತ್ತು ಕಾಯಿ ಎರಡು ರೆಕ್ಕೆಗಳಿರುವ ಜೋಡಿಕಾಯಿಯಾಗಿರುತ್ತದೆ. ನಮ್ಮ ಗುಡ್ಡದ ಮರದಲ್ಲಿ ಈ ಎರಡು ಲಕ್ಷಣಗಳೂ ಇಲ್ಲ.

ಆದ್ದರಿಂದ ಮರದ ಬಳಿ ಹೋದಾಗ ಮೊದಲು ರೆಂಬೆಯನ್ನು ನೋಡಿ, ಎಲೆಯ ಸರದಿ ಆಮೇಲೆ ಬರಲಿ. ಅರಿಶಿನ ಬೂರುಗದ ಎಲೆಗಳು ಪರ್ಯಾಯವಾಗಿ, ಅಂದರೆ ಒಂದರ ನಂತರ ಒಂದರಂತೆ ಬೇರೆ ಬೇರೆ ಎತ್ತರದಲ್ಲಿ ಹುಟ್ಟುತ್ತವೆ. ಇಲ್ಲೊಂದು ತೊಡಕಿದೆ: ಎಲೆಗಳೆಲ್ಲ ರೆಂಬೆಯ ತುದಿಯಲ್ಲಿ ಒತ್ತೊತ್ತಾಗಿ ಗುಂಪುಗೂಡಿರುವುದರಿಂದ ಮೇಲ್ನೋಟಕ್ಕೆ ಎದುರುಬದುರಾಗಿವೆ ಎಂಬ ಭ್ರಮೆ ಹುಟ್ಟುತ್ತದೆ. ಆಗ ತುದಿಯನ್ನು ಬಿಟ್ಟು ಒಂದು ಗೇಣು ಕೆಳಗೆ ಕಣ್ಣಾಡಿಸಬೇಕು. ಹಳೆಯ ಎಲೆಗಳು ಉದುರಿದ ಜಾಗದಲ್ಲಿ ದುಂಡನೆಯ ದೊಡ್ಡ ಗುರುತುಗಳು ಉಳಿದಿರುತ್ತವೆ. ಅವುಗಳಲ್ಲಿ ಯಾವ ಎರಡೂ ಒಂದೇ ಮಟ್ಟದಲ್ಲಿ ಎದುರುಬದುರಾಗಿ ಇರುವುದಿಲ್ಲ ಎಂಬುದು ಆಗ ಸ್ಪಷ್ಟವಾಗುತ್ತದೆ. ರೆಂಬೆಗಳು ಸಂಖ್ಯೆಯಲ್ಲಿ ಕಡಿಮೆ, ದಪ್ಪ ಹೆಚ್ಚು, ತುದಿ ಮೊಂಡು. ಎಲೆ ಉದುರಿದ ಮರ ದೂರದಿಂದ ಯಾರೋ ಕೊಂಬೆಗಳನ್ನು ಕಡಿದು ಬಿಟ್ಟಂತೆ ಕಾಣುವುದಕ್ಕೆ ಇದೇ ಕಾರಣ. ಕಾಂಡದ ತೊಗಟೆ ದಪ್ಪವಾಗಿ, ಬೂದು ಮಿಶ್ರಿತ ಕಂದು ಬಣ್ಣದಲ್ಲಿ, ಉದ್ದುದ್ದ ಬಿರುಕುಗಳಿಂದ ಕೂಡಿರುತ್ತದೆ. ಮರದ ಎತ್ತರ ಸಾಮಾನ್ಯವಾಗಿ 5ರಿಂದ 7 ಮೀಟರ್ ಒಳಗೇ ಇರುತ್ತದೆ. ಬರಿಯ ಬಂಡೆಯ ಸಂದಿನಲ್ಲಿ ಬೆಳೆದವು ಅದಕ್ಕಿಂತಲೂ ಗಿಡ್ಡವಾಗಿರುವುದುಂಟು.

ಇನ್ನು ಎಲೆ. ನಮ್ಮ ಸೀಮೆಯಲ್ಲಿ ಇದನ್ನು ವಿವರಿಸಲು ಹತ್ತಿ ಎಲೆಗಿಂತ ಒಳ್ಳೆಯ ಹೋಲಿಕೆ ಬೇರೆ ಬೇಕಾಗಿಲ್ಲ. ರಾಯಚೂರಿನ ರೈತರೊಬ್ಬರ ಕೈಗೆ ಈ ಎಲೆಯನ್ನು ಕೊಟ್ಟಾಗ ಅವರು ಅರೆಕ್ಷಣವೂ ಯೋಚಿಸದೆ "ಇದು ಕಾಡಹತ್ತಿ" ಎಂದರು. ಹಿಂದೊಮ್ಮೆ ಈ ಮರಕ್ಕಿದ್ದ ಗಾಸಿಪಿಯಮ್ ಎಂಬ ಪ್ರಭೇದನಾಮದ ಅರ್ಥವೂ ಹತ್ತಿ ಎಂದೇ ಆಗಿತ್ತೆಂಬುದು ಅವರಿಗೆ ತಿಳಿದಿರಲಿಲ್ಲ. ಎಲೆಯ ಅಗಲ 10ರಿಂದ 20 ಸೆಂ.ಮೀ., ಹಾಲೆಗಳು, ಅಂದರೆ ಬೆರಳಿನಂತೆ ಬಿಡಿಸಿಕೊಂಡ ಭಾಗಗಳು, ಮೂರರಿಂದ ಐದು, ಹಾಲೆಯ ತುದಿ ಚೂಪು, ಬುಡ ಹೃದಯಾಕಾರ, ತೊಟ್ಟು ಉದ್ದ. ಎಲೆಯ ಮೇಲ್ಭಾಗ ಬಹುಮಟ್ಟಿಗೆ ನುಣುಪಾಗಿದ್ದು ಕೆಳಭಾಗದಲ್ಲಿ ಮೃದುವಾದ ತುಪ್ಪಳಿನ ಹೊದಿಕೆ ಇರುತ್ತದೆ. ಸಂಡೂರಿನ ಕಡೆ ನೋಡುವವರಿಗೆ ಒಂದು ಕಿವಿಮಾತು: ಅದಿರಿನ ಲಾರಿಗಳು ಓಡಾಡುವ ದಾರಿಯ ಬದಿಯ ಎಲೆಗಳ ಮೇಲೆ ಕೆಂಪು ಧೂಳು ಎಷ್ಟು ದಪ್ಪವಾಗಿ ಕೂತಿರುತ್ತದೆಂದರೆ ತುಪ್ಪಳವೂ ಕಾಣದು, ಬಣ್ಣವೂ ತಿಳಿಯದು. ಬಾಟಲಿಯ ನೀರಿನಲ್ಲಿ ಎಲೆಯನ್ನು ತೊಳೆದು, ಒರೆಸದೆ ಗಾಳಿಗೆ ಆರಲು ಬಿಟ್ಟು, ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಿಂದ ನೋಡಬೇಕು.

ಎಲ್ಲಿ ಹುಡುಕಬೇಕು ಎಂಬುದು ಮುಂದಿನ ಪ್ರಶ್ನೆ. ತುಂಗಭದ್ರಾ ಕಾಲುವೆಯ ನೀರಾವರಿ ಇರುವ ಗಂಗಾವತಿ, ಸಿಂಧನೂರು ಕಡೆಯ ಗದ್ದೆಬಯಲಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಎರೆ ಭೂಮಿಯೂ ಇದಕ್ಕೆ ಒಗ್ಗದು, ಏಕೆಂದರೆ ಬೇರಿನ ಬಳಿ ನೀರು ನಿಲ್ಲುವುದನ್ನು ಈ ಮರ ಸಹಿಸುವುದಿಲ್ಲ. ಕಲ್ಲು ಬೆರೆತ ಕೆಂಪು ಮಸಾರಿ ನೆಲದ ಇಳಿಜಾರು, ಕಣಶಿಲೆಯ ದೊಡ್ಡ ಬಂಡೆಗಳ ನಡುವೆ ಎಲೆಗೊಬ್ಬರ ಸೇರಿಕೊಂಡ ಸಂದು, ಬಿಸಿಲು ನೇರವಾಗಿ ಬೀಳುವ ಬೋಳುಗುಡ್ಡದ ಪಕ್ಕೆ, ಇವು ಅದರ ನೆಲೆಗಳು. ಕಾರೆ, ಬಂದರಿ, ಕವಳೆಗಳಂಥ ಒಣಭೂಮಿಯ ಪೊದೆಗಳು ಬೆಳೆದಿರುವ ಕಡೆ ತಲೆ ಎತ್ತಿ ನೋಡುತ್ತ ನಡೆಯಬೇಕು. ಕುರಿ ಕಾಯುವವರನ್ನು ಕೇಳುವುದು ಎಲ್ಲಕ್ಕಿಂತ ಚುರುಕಾದ ದಾರಿ, ಆದರೆ ಹೆಸರನ್ನು ಒಂದೇ ಎಂದು ಹಿಡಿದುಕೊಂಡು ಕೇಳಬಾರದು. ಬಳ್ಳಾರಿಯ ಸುತ್ತ ತೆಲುಗು ಮಾತಾಡುವವರು ಇದನ್ನು ಕೊಂಡಗೋಗು ಎನ್ನುತ್ತಾರೆ. ಬೇರೆ ಕೆಲವರಿಗೆ ಇದು ಬರೀ ಕಾಡು ಬೂರುಗ. "ಶಿವರಾತ್ರಿ ಹೊತ್ತಿಗೆ ಎಲೆ ಇಲ್ಲದೆ ಹಳದಿ ಹೂ ಬಿಡೋ ಗಿಡ್ಡ ಮರ ಎಲ್ಲೈತ್ರಿ?" ಎಂದು ಕೇಳಿದರೆ ಉತ್ತರ ಸಿಗುತ್ತದೆ. ದರೋಜಿಯ ಕರಡಿಧಾಮದ ಸುತ್ತಲಿನ ಗುಡ್ಡಗಳಲ್ಲಾಗಲಿ ಕೊಪ್ಪಳದ ಕಲ್ಲುಗುಡ್ಡಗಳಲ್ಲಾಗಲಿ ಬೆಳಗಿನ ಮಬ್ಬಿನಲ್ಲಿ ಮತ್ತು ಸಂಜೆ ಒಬ್ಬರೇ ಓಡಾಡಬೇಡಿ. ಕರಡಿಗಳ ನೆಲೆಯೂ ಈ ಮರದ ನೆಲೆಯೂ ಒಂದೇ.

ಗುರುತಿಸಲು ಅತ್ಯಂತ ಸುಲಭವಾದ ಕಾಲ ಮಹಾಶಿವರಾತ್ರಿಯಿಂದ ಯುಗಾದಿಯವರೆಗಿನದು. ಆಗ ಮರದಲ್ಲಿ ಒಂದೇ ಒಂದು ಎಲೆಯೂ ಇರುವುದಿಲ್ಲ, ಮೊಂಡು ರೆಂಬೆಗಳ ತುದಿಯಲ್ಲಿ ಅರಿಶಿನ ಬಣ್ಣದ ಹೂಗಳು ಗೊಂಚಲಾಗಿ ಅರಳುತ್ತವೆ. ಒಂದೊಂದು ಹೂವೂ ಅಂಗೈಯಷ್ಟು, ಸುಮಾರು 8ರಿಂದ 12 ಸೆಂ.ಮೀ. ಅಗಲ. ಸುಟ್ಟು ಕರಕಲಾದಂತೆ ಕಾಣುವ ಗುಡ್ಡದ ಮೇಲೆ ಅದನ್ನು ಅರ್ಧ ಮೈಲಿಯಿಂದಲೇ ಕಾಣಬಹುದು. ದೂರದಿಂದ ಕಂಡೊಡನೆ ತೀರ್ಮಾನಿಸದೆ ಒಂದು ಹೂವನ್ನು ಕೈಯಲ್ಲಿ ಹಿಡಿದು ಭಾಗಭಾಗವಾಗಿ ನೋಡುವುದು ಒಳ್ಳೆಯದು. ನೆಲಕ್ಕೆ ಬಿದ್ದಿರುವ ಹೂವಾದರೂ ಸಾಕು. ಹೊರಗೆ ರೇಷ್ಮೆಯಂಥ ರೋಮವಿರುವ ಐದು ಪುಷ್ಪಪತ್ರಗಳು, ಅಂದರೆ ಮೊಗ್ಗನ್ನು ಮುಚ್ಚಿರುವ ಹೊರ ಎಸಳುಗಳು, ಇರುತ್ತವೆ, ಅವು ಒಂದೇ ಅಳತೆಯವಲ್ಲ, ಹೊರಗಿನ ಎರಡು ಚಿಕ್ಕವು. ಒಳಗೆ ಐದು ಬಿಡಿ ದಳಗಳು, ಪ್ರತಿಯೊಂದರ ತುದಿಯಲ್ಲೂ ಸಣ್ಣ ಕಚ್ಚು. ನಡುವೆ ಎಣಿಸಲಾಗದಷ್ಟು ಕೇಸರಗಳು, ಅವುಗಳ ಮಧ್ಯೆ ಬಾಗಿದ ಒಂದೇ ಶಲಾಕೆ, ಅಂದರೆ ಹೆಣ್ಣುಭಾಗದ ಕಡ್ಡಿ. ದಳಗಳು ಬುಡದಲ್ಲಿ ಒಂದಕ್ಕೊಂದು ಕೂಡಿ ಕೊಳವೆಯಾಗಿದ್ದರೆ ಅದು ಈ ಮರವಲ್ಲವೆಂದು ಅಲ್ಲಿಗೇ ಬಿಟ್ಟುಬಿಡಿ.

ಮಸೂರವನ್ನು ಕೇಸರದ ಮೇಲೆ ಇಟ್ಟರೆ ಈ ಹೂವಿನ ಬದುಕಿನ ಗುಟ್ಟು ಕಾಣುತ್ತದೆ. ಬಹುಪಾಲು ಹೂಗಳಲ್ಲಿ ಪರಾಗಕೋಶ ಉದ್ದಕ್ಕೆ ಸೀಳಿ ಪರಾಗವನ್ನು ಹೊರಚೆಲ್ಲುತ್ತದೆ. ಇಲ್ಲಿ ಹಾಗಾಗದೆ ಕೋಶದ ತುದಿಯಲ್ಲಿ ಸಣ್ಣ ರಂಧ್ರ ಮಾತ್ರ ತೆರೆದುಕೊಳ್ಳುತ್ತದೆ, ಉಪ್ಪಿನ ಡಬ್ಬಿಯ ಮುಚ್ಚಳದ ತೂತಿನಂತೆ. ಹೂವಿನಲ್ಲಿ ಮಕರಂದವೂ ಇಲ್ಲ. ಬರುವ ಕೀಟಕ್ಕೆ ಸಿಗುವುದು ಪರಾಗ ಮಾತ್ರ, ಅದನ್ನೂ ಅದು ಅಲುಗಿಸಿಯೇ ಪಡೆಯಬೇಕು. ಕಪ್ಪಗೆ ದಪ್ಪಗಿರುವ ಬಡಗಿ ದುಂಬಿ ಕೇಸರಗಳ ಕಟ್ಟನ್ನು ಕಾಲುಗಳಿಂದ ಅಪ್ಪಿ ಹಿಡಿದು, ರೆಕ್ಕೆ ಬಿಚ್ಚದೆ ತನ್ನ ಎದೆಯ ಸ್ನಾಯುಗಳನ್ನು ಕಂಪಿಸುತ್ತದೆ, ಪರಾಗ ರಂಧ್ರದಿಂದ ಚಿಮ್ಮಿ ಅದರ ಹೊಟ್ಟೆಗೆ ಅಂಟಿಕೊಳ್ಳುತ್ತದೆ. ಬೆಳಗ್ಗೆ ಮರದ ಕೆಳಗೆ ಸುಮ್ಮನೆ ನಿಂತರೆ ದುಂಬಿ ಹಾರುವಾಗಿನ ಸದ್ದಿಗಿಂತ ಬೇರೆಯಾದ, ಕ್ಷಣಕಾಲದ ಏರುಸ್ವರದ ಗುಂಯ್‌ಗಾಟ ಕೇಳಿಸುತ್ತದೆ. ವಿದ್ಯಾರ್ಥಿಗಳನ್ನು ಕರೆದೊಯ್ಯುವ ಶಿಕ್ಷಕರು ಭೌತಶಾಸ್ತ್ರದ ಪ್ರಯೋಗಾಲಯದಿಂದ ಒಂದು ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ತೆಗೆದುಕೊಂಡು ಹೋಗಲಿ. ಬಡಿದ ಶ್ರುತಿಕವೆಯನ್ನು ಆಗತಾನೆ ಅರಳಿದ ಹೂವಿನ ಕೇಸರಕ್ಕೆ ತಾಗಿಸಿ, ಕೆಳಗೆ ಕಪ್ಪು ಕಾಗದ ಹಿಡಿದರೆ ಹಳದಿ ಪುಡಿ ಉದುರುತ್ತದೆ. ಬೆರಳಿನಿಂದ ತಟ್ಟಿದರೆ ಅಷ್ಟು ಉದುರುವುದಿಲ್ಲ. ಪಠ್ಯದ ಹತ್ತು ಪುಟಗಳಿಗಿಂತ ಈ ಒಂದು ಪ್ರಯೋಗ ಮಕ್ಕಳ ಮನಸ್ಸಿನಲ್ಲಿ ಉಳಿಯುತ್ತದೆಂಬುದು ನನ್ನ ಅನುಭವ.

ಮರದ ಇಂದಿನ ಶಾಸ್ತ್ರೀಯ ಹೆಸರು ಕಾಕ್ಲೊಸ್ಪರ್ಮಮ್ ರಿಲಿಜಿಯೋಸಮ್. ದೇವರ ಪೂಜೆಗೆ ಹೂ ಬಳಕೆಯಾಗುತ್ತಿದ್ದುದರಿಂದ ಪ್ರಭೇದಕ್ಕೆ ಆ ಹೆಸರು ಬಂದಿತು. ಕುಲನಾಮದ ಮೂಲ ಶಂಖದಂತೆ ಸುರುಳಿಯಾದ ಬೀಜ ಎಂಬರ್ಥದ ಗ್ರೀಕ್ ಪದಗಳಲ್ಲಿದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದನ್ನು ಬೂರುಗದ ಕುಲದಲ್ಲೇ ಇಟ್ಟಿದ್ದನು. ಬೀಜದ ಸುತ್ತ ಅರಳೆ ಇರುವುದನ್ನು ನೋಡಿ ನಮ್ಮ ಜನ ಬೂರುಗ ಎಂದು ಕರೆದಂತೆಯೇ ಆತನೂ ಮಾಡಿದ್ದನು ಎನ್ನಬಹುದು. ಕೆಂಪು ಬೂರುಗಕ್ಕೂ ಇದಕ್ಕೂ ಹತ್ತಿರದ ನಂಟಿಲ್ಲ.

ಹೂ ಮುಗಿದ ಮೇಲೆ ಬೇಸಿಗೆಯ ಉರಿಯಲ್ಲಿ ಕಾಯಿ ಬಲಿಯುತ್ತದೆ. ರೆಂಬೆಯಿಂದ ಜೋತುಬಿದ್ದ, ಪೇರಲೆಯಾಕಾರದ ಕಂದು ಬಣ್ಣದ ಈ ಕಾಯಿಯನ್ನು ಕಂಡರೆ ಎಲೆ, ಹೂ ಎರಡೂ ಇಲ್ಲದಿದ್ದರೂ ಮರವನ್ನು ಖಚಿತವಾಗಿ ಹೇಳಬಹುದು. ಒಣಗಿದಾಗ ಅದು ಹೆಚ್ಚಾಗಿ ಐದು ಹೋಳುಗಳಾಗಿ ಬಿರಿಯುತ್ತದೆ. ಬಿರಿಯುವ ಬಗೆಯೇ ವಿಶೇಷವಾದದ್ದು: ಕಾಯಿಯ ಗೋಡೆ ಹೊರಪದರ ಮತ್ತು ಒಳಪದರವೆಂದು ಬೇರ್ಪಟ್ಟು, ಹೊರಗಿನ ಹೋಳುಗಳ ಸಂದಿಗೆ ಒಳಗಿನ ಹೋಳುಗಳು ಬರುವಂತೆ ಒಂದು ಬಿಟ್ಟು ಒಂದು ನಿಲ್ಲುತ್ತವೆ. ಗುಡ್ಡದ ನೆಲದಲ್ಲಿ ಬಿದ್ದಿರುವ ಹಳೆಯ ಒಣ ಸಿಪ್ಪೆಯಲ್ಲೂ ಇದನ್ನು ನೋಡಬಹುದಾದ್ದರಿಂದ ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಲಕ್ಷಣ ಇದು. ಒಳಗೆ ಮೂತ್ರಪಿಂಡದ ಆಕಾರದ, ಗಟ್ಟಿಯಾದ ಕಂದು ಬೀಜಗಳು ರೇಷ್ಮೆಯಂಥ ಬಿಳಿ ಅರಳೆಯಲ್ಲಿ ಹುದುಗಿರುತ್ತವೆ. ಈ ಅರಳೆಯನ್ನು ದಿಂಬಿಗೆ ತುಂಬುವುದುಂಟು, ನೂಲಲು ಇದು ಬಾರದು. ಹೊಲದ ಹತ್ತಿಯ ಎಳೆಯಲ್ಲಿ ತಿರುಚು ಇರುವುದರಿಂದ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಇದರ ನುಣುಪಾದ ಎಳೆಗಳು ಜಾರಿಹೋಗುತ್ತವೆ.

ಈಗ ಎಡವುವ ಜಾಗಗಳಿಗೆ ಬರೋಣ. ಅತಿ ಹೆಚ್ಚು ಗೊಂದಲ ಉಂಟುಮಾಡುವುದು ಸ್ಟರ್ಕ್ಯೂಲಿಯಾ ಯುರೆನ್ಸ್, ಅಂದರೆ ಕರಾಯ ಗೋಂದಿನ ಮರ. ಅದರ ಎಲೆಯೂ ಐದು ಹಾಲೆಯದು, ಅದೂ ರೆಂಬೆಯ ತುದಿಯಲ್ಲೇ ಗುಂಪಾಗಿರುತ್ತದೆ, ಅದೂ ಬಂಡೆಗಳ ನಡುವೆಯೇ ಬೆಳೆಯುತ್ತದೆ. ಆದರೆ ಅದರ ಕಾಂಡ ನುಣುಪಾಗಿ, ಬೆಳ್ಳಗೆ ಹೊಳೆಯುತ್ತದೆ ಮತ್ತು ತೊಗಟೆ ತೆಳು ಕಾಗದದಂತೆ ಸುಲಿಯುತ್ತದೆ. ಬೆಳದಿಂಗಳಲ್ಲಿ ಅದು ನಿಂತ ಮನುಷ್ಯನಂತೆ ಕಾಣುವುದರಿಂದ ಹುಟ್ಟಿದ ಭೂತದ ಕಥೆಗಳನ್ನು ಹಳ್ಳಿಗಳಲ್ಲಿ ಕೇಳಿದ್ದೇನೆ. ಅದರ ಹೂಗಳು ಹಸಿರು ಮಿಶ್ರಿತ ಹಳದಿಯ, ಕಡಲೆಕಾಳಿನಷ್ಟರ ಪುಟ್ಟ ಹೂಗಳು. ಕಾಯಿ ನಕ್ಷತ್ರದಂತೆ ಹರಡಿದ ನಾಲ್ಕಾರು ಕೋಡುಗಳ ಗುಂಪು, ಮೈಮೇಲೆ ಚುಚ್ಚುವ ರೋಮಗಳು. ಬರಿಗೈಯಲ್ಲಿ ಮುಟ್ಟಿದವರು ಮರೆಯುವುದಿಲ್ಲ. ಬಹಳ ವರ್ಷಗಳ ಹಿಂದೆ ನಾನೇ ಎಲೆಯೊಂದನ್ನಷ್ಟೇ ನೋಡಿ ಅರಿಶಿನ ಬೂರುಗವನ್ನು ಕರಾಯ ಎಂದು ಬರೆದಿಟ್ಟಿದ್ದೆ. ಮಾರ್ಚಿಯಲ್ಲಿ ಅದೇ ಮರದ ಬಳಿ ಹೋದಾಗ ಅಂಗೈಯಗಲದ ಹೂ ನನ್ನ ತಪ್ಪನ್ನು ತೋರಿಸಿತು. ಎರಡೂ ಮರಗಳಿಂದ ಗೋಂದು ಬರುತ್ತದೆ, ಎರಡೂ ನೀರಿನಲ್ಲಿ ಕರಗದೆ ಉಬ್ಬುತ್ತವೆ. ಆದಕಾರಣ ಕಾಂಡದ ಮೇಲಿನ ಗೋಂದನ್ನು ನೋಡಿ ನಿರ್ಣಯಿಸಲು ಹೋಗಬಾರದು.

ಕೆಂಪು ಬೂರುಗದ ಎಲೆ ಹಾಲೆಯದಲ್ಲ, ಒಂದೇ ತೊಟ್ಟಿನ ತುದಿಯಿಂದ ಹರಡಿದ ಬಿಡಿಬಿಡಿ ಕಿರುಎಲೆಗಳದು. ಎಳೆಯ ಕಾಂಡದ ಮೇಲೆ ಮುಳ್ಳುಗಳೂ ಇರುತ್ತವೆ. ಊರೊಳಗಿನ ರಸ್ತೆ ಬದಿಯಲ್ಲಿ ಬೇಸಿಗೆಯಲ್ಲಿ ಹಳದಿ ಹೂ ತುಂಬುವ ಟಬೆಬುಯಾದ ಹೂ ತುತ್ತೂರಿಯಾಕಾರದ್ದು, ದಳಗಳು ಕೂಡಿದವು. ಕೊಪ್ಪಳದವರಿಗೆ ಇನ್ನೊಂದು ಮರವನ್ನು ಹೇಳಲೇಬೇಕು. ಕಿನ್ನಾಳದ ಗೊಂಬೆಗಳಿಗೆ ಬಳಸುವ ಹಗುರ ಮರ, ಸಸ್ಯಶಾಸ್ತ್ರದಲ್ಲಿ ಗಿವೋಶಿಯಾ, ಇದೇ ಬಗೆಯ ಒಣ ಕಾಡಿನದು. ಅದರ ಎಲೆ ಹೃದಯಾಕಾರದ್ದಾಗಿ ಅಂಚಿನಲ್ಲಿ ಒರಟು ಹಲ್ಲುಗಳಿರುತ್ತವೆ, ಕೆಳಭಾಗ ಹಿಟ್ಟು ಬಳಿದಷ್ಟು ಬೆಳ್ಳಗಿರುತ್ತದೆ. ಅರಿಶಿನ ಬೂರುಗದ ಮರವೂ ಮೃದುವೇ ಆದರೂ ಗೊಂಬೆಯ ಕೆಲಸಕ್ಕೆ ಹೆಸರಾದದ್ದಲ್ಲ. ನರ್ಸರಿಯಲ್ಲಿ ಗುಲಾಬಿಯಂತೆ ಸುತ್ತುಸುತ್ತು ದಳಗಳಿರುವ ಹಳದಿ ಹೂವಿನ ಗಿಡವನ್ನು ಇದೇ ಹೆಸರಿನಲ್ಲಿ ಕೊಟ್ಟರೆ ಅದು ಅಮೆರಿಕ ಖಂಡದ ಸೋದರ ಪ್ರಭೇದ ಎಂದು ತಿಳಿಯಿರಿ. ತೋಟಕ್ಕೆ ಅದು ಚೆಂದವೇ, ಆದರೆ ನಮ್ಮ ಗುಡ್ಡದ ಮರವಲ್ಲ.

ಮರ ಸಿಕ್ಕಿತೆಂದಾದ ಮೇಲೆ ದಾಖಲಿಸುವಾಗ ಒಂದೇ ಚಿತ್ರ ಸಾಲದು. ಇಡೀ ಮರ, ಎದೆಮಟ್ಟದ ತೊಗಟೆ, ಎಲೆಗುರುತುಗಳು ಕಾಣುವ ರೆಂಬೆ, ಎಲೆಯ ಎರಡೂ ಮೈ, ಹೂವಿನ ಹಿಂಬದಿಯೂ ಸೇರಿದಂತೆ ಹೂ, ಕಾಯಿ ಇದ್ದರೆ ಅದರ ಬಿರಿದ ಬಾಯಿ, ಇಷ್ಟೂ ಬೇಕು. ಪ್ರತಿ ಚಿತ್ರದಲ್ಲೂ ಅಳತೆಪಟ್ಟಿ ಇರಲಿ. ಕಾಂಡದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ತೆಗೆಯುವುದು ರೂಢಿ. ಅದಕ್ಕಿಂತ ಕೆಳಗೇ ಕವಲೊಡೆದಿದ್ದರೆ ಪ್ರತಿ ಕವಲನ್ನೂ ಬೇರೆಯಾಗಿ ಅಳೆದು ಹಾಗೆಂದು ಬರೆಯಬೇಕು. ಅದೇ ಮರಕ್ಕೆ ಶಿವರಾತ್ರಿ, ಕಾರಹುಣ್ಣಿಮೆ, ದಸರೆ ಹೀಗೆ ವರ್ಷಕ್ಕೆ ಮೂರು ಸಲವಾದರೂ ಹೋಗಬೇಕು. ಮಾದರಿ ಸಂಗ್ರಹಿಸುವುದಾದರೆ, ಮೀಸಲು ಅರಣ್ಯದಲ್ಲಿ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯಿಸುವುದರಿಂದ ವಲಯ ಅರಣ್ಯಾಧಿಕಾರಿಯವರ ಕಚೇರಿಯಲ್ಲಿ ಮೊದಲೇ ಲಿಖಿತ ಅನುಮತಿಗೆ ಅರ್ಜಿ ಕೊಡಬೇಕು. ರೆಂಬೆ ದಪ್ಪವಾಗಿ ರಸಭರಿತವಾಗಿರುವುದರಿಂದ ಉದ್ದಕ್ಕೆ ಎರಡು ಸೀಳಾಗಿ ಮಾಡಿ ಹಳೆಯ ಪತ್ರಿಕೆಗಳ ನಡುವೆ ಒತ್ತದಿದ್ದರೆ ಬೂಸಲು ಹಿಡಿಯುವುದು ಖಂಡಿತ. ಹೂವಿನ ದಳಗಳು ಕಾಗದಕ್ಕೆ ಅಂಟಿಕೊಳ್ಳದಂತೆ ನಡುವೆ ತೆಳುವಾದ ಬೆಣ್ಣೆಕಾಗದ ಇಟ್ಟು, ಮೊದಲ ನಾಲ್ಕೈದು ದಿನ ಹಳೆಯ ಪತ್ರಿಕೆಗಳನ್ನು ದಿನವೂ ಬದಲಾಯಿಸಬೇಕು.

ಹೊಲದ ಬದುವಿನಲ್ಲಿ ಒಂದು ಗಿಡ ಬೆಳೆಸಬೇಕೆನ್ನುವವರು ಬಿರಿಯಲು ಶುರುವಾದ ಕಾಯಿಯಿಂದಲೇ ಬೀಜ ತೆಗೆಯಬೇಕು. ತಡಮಾಡಿದರೆ ಗಾಳಿ ಹೊತ್ತೊಯ್ದುಬಿಡುತ್ತದೆ. ಒಂದೇ ಮರದ ಎಲ್ಲ ಕಾಯಿಗಳನ್ನೂ ಕೀಳದೆ, ನಾಲ್ಕರಲ್ಲಿ ಒಂದು ಪಾಲನ್ನಷ್ಟೇ ತೆಗೆಯುವುದು ನಾನು ಇಟ್ಟುಕೊಂಡಿರುವ ನಿಯಮ. ಅರಳೆಯನ್ನು ಕೈಯಿಂದ ಪೂರ್ತಿ ಬಿಡಿಸಬೇಕು, ಏಕೆಂದರೆ ಉಳಿದ ಎಳೆ ತೇವ ಹಿಡಿದು ಬೀಜವನ್ನು ಕೊಳೆಸುತ್ತದೆ. ಬೀಜದ ಸಿಪ್ಪೆ ನೀರನ್ನು ಒಳಬಿಡದಷ್ಟು ಗಟ್ಟಿ. ಹಾಗಾಗಿ ತೊಟ್ಟಿನ ಗುರುತಿಗೆ ವಿರುದ್ಧ ಬದಿಯಲ್ಲಿ ಉಗುರು ಕತ್ತರಿಯಿಂದ ಸಣ್ಣಗೆ ಗಾಯ ಮಾಡಬೇಕು, ಇಲ್ಲವೇ ಕುದಿಸಿ ಒಲೆಯಿಂದ ಇಳಿಸಿದ ನೀರಿಗೆ ಹಾಕಿ ಅದೇ ನೀರಿನಲ್ಲಿ ರಾತ್ರಿಯಿಡೀ ಬಿಡಬೇಕು. ಬೆಳಗ್ಗೆ ಉಬ್ಬಿದ ಬೀಜಗಳನ್ನು ಮಾತ್ರ ಆರಿಸಿ ಬಿತ್ತಿ, ಉಬ್ಬದವನ್ನು ಮತ್ತೊಮ್ಮೆ ಹಾಗೆಯೇ ನೆನೆಸಬಹುದು. ಮಸಾರಿ ಮಣ್ಣಿಗೆ ಅರ್ಧದಷ್ಟು ದಪ್ಪ ಮರಳು ಬೆರೆಸಿ ಉದ್ದನೆಯ ಪಾಲಿಥಿನ್ ಚೀಲಗಳಲ್ಲಿ ತುಂಬಿ, ತಳದಲ್ಲಿ ನೀರು ಬಸಿಯಲು ತೂತು ಹಾಕಿ, ಬೀಜವನ್ನು ಅದರ ಗಾತ್ರದ ಎರಡರಷ್ಟು ಆಳಕ್ಕಿಂತ ಹೆಚ್ಚು ಹೂಳದೆ ಬಿತ್ತಬೇಕು. ಮೊಳಕೆಗಳು ಒಟ್ಟಿಗೆ ಬರುವುದಿಲ್ಲವಾದ್ದರಿಂದ ಚೀಲಗಳನ್ನು ಬೇಗನೆ ಎಸೆಯಬಾರದು. ಚಳಿಗಾಲದಲ್ಲಿ ಸಸಿ ಎಲೆ ಉದುರಿಸಿ ಒಣಕಡ್ಡಿಯಂತೆ ನಿಲ್ಲುತ್ತದೆ. ಸತ್ತಿತೆಂದು ಕಿತ್ತು ಹಾಕುವ ಮುಂಚೆ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ, ಒಳಗೆ ಹಸಿರಿದ್ದರೆ ನೀರನ್ನು ತೀರ ಕಡಿಮೆ ಮಾಡಿ ಹಾಗೆಯೇ ಬಿಡಿ. ಮರುವರ್ಷ ಮುಂಗಾರಿನ ಎರಡು ಒಳ್ಳೆಯ ಮಳೆ ಬಿದ್ದ ಮೇಲೆ, ಬೇರಿನ ಮಣ್ಣು ಒಡೆಯದಂತೆ ಚೀಲವನ್ನು ಸೀಳಿ, ನೀರು ನಿಲ್ಲದ ಎತ್ತರದ ಬದುವಿನಲ್ಲಿ ನೆಟ್ಟು, ಆಡು ಕುರಿಗಳು ಬಾಯಿ ಹಾಕದಂತೆ ಸುತ್ತಲೂ ಜಾಲಿ ಮುಳ್ಳಿನ ಬೇಲಿ ಕಟ್ಟಬೇಕು.